ಬಾಂದುಕಲ್ಲಿನ ಆಚೆಯವರು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕು ತಾಲೂಕುಗಳ ನೆಲವನ್ನು ನಾನು ಮೂವತ್ತಾರು ವರ್ಷ ಅಳೆದಿದ್ದೇನೆ. 1978ರಲ್ಲಿ ಭೂಮಾಪಕನಾಗಿ ಕೆಲಸಕ್ಕೆ ಸೇರಿದಾಗ ಇವೆಲ್ಲ ಧಾರವಾಡ ಜಿಲ್ಲೆಯಲ್ಲಿದ್ದವು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. 2014ರಲ್ಲಿ ನಾನು ನಿವೃತ್ತನಾದೆ. ಗೇಣು ಬದುವಿಗಾಗಿ ಒಡಹುಟ್ಟಿದವರು ಕುಡಗೋಲು ಹಿಡಿದು ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಈ ವಯಸ್ಸಿನಲ್ಲಿ ರಾತ್ರಿ ಎಚ್ಚರವಾದಾಗ ನೆನಪಾಗುವುದು ಬದುವಿನ ಜಗಳವಲ್ಲ, ಒಂದು ಮನವಿ ಪತ್ರ.

2012ರ ಬೇಸಿಗೆ. ಈ ನಾಲ್ಕರಲ್ಲಿ ಒಂದು ಪಟ್ಟಣ, ಹೆಸರು ಬೇಡ. ಊರ ಹೊರವಲಯದಲ್ಲಿ 2 ಎಕರೆ 10 ಗುಂಟೆ ಸರಕಾರಿ ಜಾಗ. ಮನೆಯಿಲ್ಲದವರಿಗೆ ಅಲ್ಲಿ ಮೂರು ಅಂತಸ್ತಿನ ಕಟ್ಟಡಗಳನ್ನು ಎಬ್ಬಿಸಬೇಕು, ಒಟ್ಟು 144 ಮನೆ ಎಂದು ತೀರ್ಮಾನವಾಗಿತ್ತು. ಹದ್ದುಬಸ್ತು ಮಾಡಿಕೊಡಲು ನನಗೆ ಆದೇಶ ಬಂತು. ಪಕ್ಕದಲ್ಲೇ ಹದಿನೈದು ವರ್ಷದ ಹಿಂದೆ ಎನ್.ಎ. (ಕೃಷಿಯೇತರ) ಆದ ಲೇಔಟು, ಎಲ್ಲವೂ 30×40ರ ಪ್ಲಾಟು. ನಿವೃತ್ತ ಮಾಸ್ತರರು, ಬ್ಯಾಂಕಿನವರು, ಅಡತಿ ಅಂಗಡಿಯವರು ಆಯುಷ್ಯದ ಉಳಿತಾಯ ಹಾಕಿ ಮನೆ ಕಟ್ಟಿಕೊಂಡಿದ್ದರು. ನಾನು ಸರಪಳಿ ಬಿಚ್ಚುವ ಹೊತ್ತಿಗೆ ಅವರೆಲ್ಲ ಬಂದು ನಿಂತಿದ್ದರು. ಕೈಯಲ್ಲಿ ಮನವಿ, ಅದರಲ್ಲಿ 61 ಸಹಿ.

ಮನವಿಯಲ್ಲಿ ಬರೆದದ್ದು ಸುಳ್ಳಾಗಿರಲಿಲ್ಲ. ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಗಟಾರದ ನೀರು ಮಳೆಗಾಲದಲ್ಲಿ ಓಣಿಗೆ ಏರುತ್ತಿತ್ತು. ಮಕ್ಕಳಿಗೆ ಆಡಲು ಇದ್ದ ಬಯಲು ಅದೊಂದೇ. ಕೊನೆಯ ಸಾಲಿನಲ್ಲಿ ಮಾತ್ರ, ಇಂಥವರು ಬಂದರೆ ನಮ್ಮ ಬಡಾವಣೆಯ ವಾತಾವರಣ ಕೆಡುತ್ತದೆ ಎಂದಿತ್ತು. ಹಿರಿಯ ಮಾಸ್ತರರೊಬ್ಬರು ನನ್ನನ್ನು ಬೇವಿನ ಮರದ ನೆರಳಿಗೆ ಕರೆದರು.

“ಸಾಹೇಬ್ರ, ಹಳ್ಳದ ಕಡೆ ಒಂದಿಷ್ಟು ಬಿಟ್ಟು ಅಳೀರಿ. ಜಾಗಾ ಕಡಿಮಿ ಬೀಳತೈತಿ ಅಂತ ಬರದ್ರ ಮುಗದ ಹೋತು. ಮೂರು ಅಂತಸ್ತು ಎದ್ದರ ನಮ್ಮ ಹಿತ್ತಲಾ, ನಮ್ಮ ಹೆಣ್ಣಮಕ್ಕಳು ಬಟ್ಟಿ ಒಣಾ ಹಾಕೂದು ಎಲ್ಲಾ ಅವರ ಕಣ್ಣಿಗೇ.”

“ಜಾಗಾ ಎಷ್ಟೈತೋ ಅಷ್ಟ ಬರೀಬೇಕ್ರೀ ಮಾಸ್ತರ. ಹೆಚ್ಚೂ ಬರಿಯೂದಿಲ್ಲ, ಕಡಿಮೀನೂ ಬರಿಯೂದಿಲ್ಲ” ಅಂದೆ.

ಗಡಿಯ ಒಂದು ಬಾಂದುಕಲ್ಲು ಸಿಗಲಿಲ್ಲ. ಹುಡುಕುತ್ತ ಹೋದರೆ ಅದು ಲೇಔಟಿನ ಕೊನೆಯ ಮನೆಯ ಹಿತ್ತಲಲ್ಲಿ, ನಳದ ಪಕ್ಕ, ಬಟ್ಟೆ ಒಗೆಯುವ ಕಲ್ಲಾಗಿ ಮಲಗಿತ್ತು. ಮೇಲ್ಮೈ ನುಣ್ಣಗಾಗಿತ್ತು, ಸಾಬೂನಿನ ಬಿಳಿ ಕಟ್ಟಿತ್ತು. ಕಲ್ಲು ಮೊದಲಿದ್ದ ಜಾಗ ಗೊತ್ತುಮಾಡಲು ಹಳೆಯ ಟಿಪ್ಪಣಿ ಬೇಕಾಯಿತು. ಮರುದಿನ ರೆಕಾರ್ಡ್ ರೂಮಿಗೆ ಹೋಗಿ ಆ ಸರ್ವೆ ನಂಬರಿನ ಕಾಗದಗಳ ಜೊತೆಗೆ ಅಕ್ಕಪಕ್ಕದ ನಂಬರಿನವನ್ನೂ ತೆಗೆಸಿದೆ. ಅಲ್ಲಿ ಓದಿದ್ದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಆ ಕಾಗದಗಳ ಹಿಂದಿನ ಕಥೆ ಹೇಳಬೇಕು.

ನಮ್ಮ ಭಾಗದ ಸರ್ವೆ ಪದ್ಧತಿ ಪುಣೆ ಕಡೆಯ ಇಂದಾಪುರದಲ್ಲಿ 1830ರ ದಶಕದಲ್ಲಿ ಹುಟ್ಟಿದ್ದು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಅದನ್ನು ಕಟ್ಟಿದರು. 1840ರ ದಶಕದಲ್ಲಿ ಅದು ಧಾರವಾಡ ಜಿಲ್ಲೆಗೆ ಬಂತು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಹೊಲಗಳನ್ನೆಲ್ಲ ಆಣೆ ಲೆಕ್ಕದಲ್ಲಿ ಅಳೆದವರು ಊರೊಳಗೆ ಮಾತ್ರ ಸರಪಳಿ ಒಯ್ಯಲಿಲ್ಲ. ಹಳ್ಳಿಯ ನಕಾಶೆ ತೆಗೆದು ನೋಡಿ, ಹೊಲಗಳಿಗೆಲ್ಲ ನಂಬರುಗಳಿವೆ, ನಡುವೆ ಗಾಂವಠಾಣ ಎಂಬ ಒಂದು ಖಾಲಿ ಮಚ್ಚೆ. ಮನೆಗಳ ನೆಲಕ್ಕೆ ಕಂದಾಯವಿರಲಿಲ್ಲ, ಹಾಗಾಗಿ ಅಳೆಯುವ ಜರೂರೂ ಇರಲಿಲ್ಲ. ಯಾರ ಮನೆ ಎಲ್ಲಿ, ಎಷ್ಟು ಅಗಲ, ಯಾರ ಪಕ್ಕ ಯಾರು ಎಂಬುದನ್ನು ಊರೇ ನಿರ್ಧರಿಸುತ್ತಿತ್ತು. 2020ರಲ್ಲಿ ಸ್ವಾಮಿತ್ವ ಯೋಜನೆಯ ಡ್ರೋನ್ ಬರುವ ತನಕ ಎಷ್ಟೋ ಹಳ್ಳಿಗಳಲ್ಲಿ ಆ ಮಚ್ಚೆ ಹಾಗೇ ಉಳಿದಿತ್ತು.

ಊರು ಹೇಗೆ ನಿರ್ಧರಿಸುತ್ತಿತ್ತು? ಅಗಸಿಯ, ಅಂದರೆ ಊರಬಾಗಿಲ, ಒಳಗೆ ಗೌಡರ ವಾಡೆ, ಕುಲಕರ್ಣಿಯವರ ಮನೆ, ಒಕ್ಕಲಿಗರ ಓಣಿ, ಪತ್ತಾರರದು, ಬಡಿಗೇರರದು, ಮುಸಲ್ಮಾನರ ಓಣಿ. ಹೊರಗೆ ಹೊಲೆಗೇರಿ, ಮಾದರ ಕೇರಿ. ಹಾನಗಲ್ಲ, ಹಿರೇಕೆರೂರಿನ ಕಡೆ ಮಲೆನಾಡಿನ ಗಾಳಿ ಇರುವುದರಿಂದ ಹಂಚಿನ ಮನೆ, ಸವಣೂರು ಕಡೆ ಎರೆನೆಲದಲ್ಲಿ ಮೇಲ್ಮುದ್ದೆಯ ಮನೆ. ಚಾವಣಿ ಬೇರೆಯಾದರೂ ಅಗಸಿಯ ಒಳಗೆ ಯಾರು, ಹೊರಗೆ ಯಾರು ಎಂಬ ಲೆಕ್ಕ ನಾಲ್ಕೂ ತಾಲೂಕಿನಲ್ಲಿ ಒಂದೇ. ಮನವಿ ಬರೆಯುವ ಅಗತ್ಯ ಯಾರಿಗೂ ಬೀಳಲಿಲ್ಲ, ಏಕೆಂದರೆ ಬೇಡವಾದವರು ಪಕ್ಕಕ್ಕೆ ಬರುವ ದಾರಿಯೇ ಇರಲಿಲ್ಲ.

ಇಷ್ಟಾದರೂ ಆ ಕಾಲಕ್ಕೆ ಜನ ಬೇಕಾಗಿದ್ದರು ಎಂಬುದನ್ನು ಮರೆಯಬಾರದು. ದೊರೆಗಳು ಹೊಸ ಪ್ಯಾಟಿ ಕಟ್ಟುವಾಗ ವ್ಯಾಪಾರಿಗಳಿಗೂ ಕಸುಬಿನವರಿಗೂ ಕೌಲು ಕೊಟ್ಟು, ಕೆಲವು ವರ್ಷ ತೆರಿಗೆ ಬಿಟ್ಟು ಕರೆಯುತ್ತಿದ್ದರು. ನೆಲ ಬೇಕಾದಷ್ಟಿತ್ತು, ಕೈಗಳು ಕಡಿಮೆ ಇದ್ದವು. ಬಂಕಾಪುರದಲ್ಲಿದ್ದ ನವಾಬರು ರಾಜಧಾನಿಯನ್ನು ಸವಣೂರಿಗೆ ಒಯ್ದಾಗ ಬರೀ ಅರಮನೆ ಕಟ್ಟಿದರೆ ಊರಾಗುವುದಿಲ್ಲವಲ್ಲ, ಜನರನ್ನು ತಂದೇ ಕಟ್ಟಿದರು. ಬ್ರಿಟಿಷರ ಕಾಲದ ಗೆಜೆಟಿಯರು ಸವಣೂರನ್ನು ಮುಕ್ಕಾಲು ಚದರ ಮೈಲಿಯ ಊರು, ಸುತ್ತ ಕಂದಕ, ಎಂಟು ಬಾಗಿಲು, ಅದರಲ್ಲಿ ಮೂರು ಹಾಳಾಗಿವೆ ಎಂದು ವರ್ಣಿಸುತ್ತದೆ. 1901ರಲ್ಲಿ ಅಲ್ಲಿ ಹತ್ತು ಸಾವಿರದ ಹತ್ತಿರ ಜನ. ನನ್ನ ಕಸುಬಿನ ಚಟದಿಂದ ಲೆಕ್ಕ ಹಾಕಿದೆ. ಮುಕ್ಕಾಲು ಚದರ ಮೈಲಿ ಅಂದರೆ 480 ಎಕರೆ, ಎಕರೆಗೆ ಇಪ್ಪತ್ತು ಜನರ ಸುಮಾರು. ಒಂದು ಸಂಸ್ಥಾನದ ರಾಜಧಾನಿಯಲ್ಲೂ ಹಿತ್ತಲಿಗೆ, ಬಾವಿಗೆ ಜಾಗವಿತ್ತು. ಊರ ಸುತ್ತ ವೀಳ್ಯದೆಲೆಯ ತೋಟಗಳಿದ್ದವು.

ಜನ ಎಷ್ಟು ಬೇಕಾಗಿದ್ದರು ಎಂಬುದು ಬರಗಾಲದ ನಂತರ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 1876–78ರ ಬರ ಹೊಡೆದಾಗ 1872ರ ಗಣತಿಗೂ 1881ರ ಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷ ಇಳಿದಿತ್ತು. ಅದಾಗಿ ಎರಡು ದಶಕಕ್ಕೆ ಪ್ಲೇಗ್ ಬಂತು. ನನ್ನ ಅಜ್ಜಿ ಚಿಕ್ಕವಳಿದ್ದಾಗಿನ ಮಾತು ಹೇಳುತ್ತಿದ್ದಳು: ಮಾಡಿನಿಂದ ಇಲಿ ಸತ್ತು ಬಿತ್ತೆಂದರೆ ಆ ಹೊತ್ತಿಗೇ ಮನೆಗೆ ಕೀಲಿ ಹಾಕಿ, ಬೀಸುಕಲ್ಲು ಸಮೇತ ಚಕ್ಕಡಿ ಏರಿ ಹೊಲಕ್ಕೆ ಹೋಗುವುದು. ಹೊಲದಲ್ಲಿ ಗುಡಿಸಲು ಹಾಕಿ, ಒಂದೊಂದು ಗುಡಿಸಲಿಗೂ ನಡುವೆ ಚಕ್ಕಡಿ ತಿರುಗುವಷ್ಟು ಅಂತರ ಬಿಡುವುದು. ಮಳೆ ಬಂದರೂ ಊರಿಗೆ ತಿರುಗುವಂತಿಲ್ಲ. ಅವಳ ತಮ್ಮ ಅಂಥ ಗುಡಿಸಲಿನಲ್ಲೇ ತೀರಿಕೊಂಡ. ಮನೆಗಳು ಒತ್ತಿಕೊಂಡರೆ ರೋಗ ಎಂಬ ಭಯ ನಮ್ಮ ಜನರ ಎಲುಬಿಗೆ ಇಳಿದದ್ದು ಆಗ.

ಆ ಭಯ ಬರೀ ನಮ್ಮ ಹಳ್ಳಿಗಳದ್ದಾಗಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಭರದಿಂದ ಬೆಳೆದವು. ಅಗಲ ರಸ್ತೆ, ಮನೆಯ ಸುತ್ತ ಗಾಳಿ, ಮರ ಎಲ್ಲ ಬಂತು. ಯಾವ ಜಾತಿಯವರು ಯಾವ ಭಾಗದಲ್ಲಿ ಎಂಬುದನ್ನೂ ನಕಾಶೆಯಲ್ಲೇ ಗುರುತಿಸಿದ್ದರು. ಗಾಳಿ ಬೆಳಕಿನ ಜೊತೆಗೆ ಅಗಸಿಯೂ ಹೊಸ ಬಡಾವಣೆಗೆ ಬಂದು ಸೇರಿತು. ಇಂದಿನ ಲೇಔಟಿನ ಬೇರು ಅಲ್ಲಿದೆ ಎಂದು ನಾನು ತಿಳಿಯುತ್ತೇನೆ. ದೂರ ದೂರ ಮನೆ ಕಟ್ಟುವ ಒಳ್ಳೆಯ ಬಯಕೆಯೂ, ಕೆಲವರನ್ನು ದೂರ ಇಡುವ ಕೆಟ್ಟ ಬಯಕೆಯೂ ಒಂದೇ ನಕಾಶೆಯಲ್ಲಿ ಬಂದವು. ಆಮೇಲೆ ಯಾವುದು ಯಾವುದೆಂದು ಬಿಡಿಸುವುದು ಕಷ್ಟವಾಯಿತು. ದೇಶ ಬಿಟ್ಟು ಆಚೆ ನೋಡಿದರೂ ಹೀಗೇ ಇದೆ. ಅಮೆರಿಕದ ಒಹಾಯೋ ಸೀಮೆಯ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ 1926ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಒಂಟಿ ಮನೆಗಳ ಬಡಾವಣೆಗೆ ಬರುವ ಬಹುಮಹಡಿ ಕಟ್ಟಡವನ್ನು ಪರೋಪಜೀವಿಗೆ ಹೋಲಿಸಿತು. ಕಟ್ಟಡಕ್ಕೆ ಹೇಳಿದ ಮಾತು ಅದರೊಳಗೆ ಇರುವ ಬಾಡಿಗೆಯವರಿಗೂ ತಗಲುತ್ತದೆ.

ನಮ್ಮಲ್ಲಿ ಊರ ಹೊರಗೆ ಸರಕಾರವೇ ದೊಡ್ಡ ಪ್ರಮಾಣದಲ್ಲಿ ನಿವೇಶನ ಹಂಚಿದ್ದು ದೇವರಾಜ ಅರಸರ ಕಾಲದಲ್ಲಿ. ಮನೆ ನಿವೇಶನಕ್ಕಾಗಿ ಭೂಮಿ ಸ್ವಾಧೀನಪಡಿಸಿಕೊಳ್ಳುವ 1972ರ ಕಾಯ್ದೆ ಬಂತು, ಜನತಾ ಮನೆಗಳು ಬಂದವು. 1990ರ ದಶಕಕ್ಕೆ ಅದೇ ಆಶ್ರಯ ಎಂದಾಯಿತು. ಜನತಾ ಪ್ಲಾಟು, ಆಶ್ರಯ ಪ್ಲಾಟು ಎಂದು ನೂರಾರು ಅಳೆದುಕೊಟ್ಟಿದ್ದೇನೆ. ಹೆಚ್ಚಿನವು ಎಲ್ಲಿ ಬೀಳುತ್ತಿದ್ದವು? ರುದ್ರಭೂಮಿಯ ಮಗ್ಗುಲು, ಹಳ್ಳದ ದಂಡೆ, ಕೆರೆಯಂಗಳದ ಅಂಚು. ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಕಲ್ಲು ನೆಟ್ಟು ಬಂದ ಮೂವತ್ತು ಪ್ಲಾಟುಗಳಲ್ಲಿ ಮುಂದಿನ ಮಳೆಗಾಲಕ್ಕೆ ಮೊಣಕಾಲು ನೀರು ನಿಂತಿತ್ತು. ಹಕ್ಕುಪತ್ರ ಹಿಡಿದುಕೊಂಡು ಒಬ್ಬ ತಾಯಿ ಕೇಳಿದಳು, “ಯಪ್ಪಾ, ನೀ ಅಳದ್ದು ನೆಲಾನೋ ನೀರೋ?” ನನಗೆ ಉತ್ತರ ತೋಚಲಿಲ್ಲ. ಒಳ್ಳೆಯ ನೆಲ ಊರ ಹತ್ತಿರವೇ ಇತ್ತು, ಆದರೆ ಅಲ್ಲಿ ಬೇಡ ಎಂದವರ ಮಾತು ನಡೆಯುತ್ತಿತ್ತು. ಆಗ ಅದಕ್ಕೆ ಕಾಗದವೂ ಬೇಕಿರಲಿಲ್ಲ, ಪಂಚಾಯ್ತಿ ಕಟ್ಟೆಯ ಮೇಲೆ ಒಂದು ಮಾತು ಸಾಕಿತ್ತು.

ಈಗ ಸವಣೂರಿನ ಸಂಗತಿಗೆ ಬರಬೇಕು. ಈ ಸೀಮೆಯಲ್ಲಿ ನೆಲೆ ಉಳಿಸಿಕೊಳ್ಳಲು ನಡೆದ ಹೋರಾಟದ ಇತಿಹಾಸ ಬರೆಯುವವರು 2010ರ ಜುಲೈಯನ್ನು ದಾಟಿ ಹೋಗುವಂತಿಲ್ಲ. ಸವಣೂರಿನಲ್ಲಿ ಮಲ ಬಾಚುವ ಕೆಲಸಕ್ಕೆ ಹಚ್ಚಿದ್ದ ಭಂಗಿ ಸಮುದಾಯದ ಕೆಲವು ಕುಟುಂಬಗಳು ತಲೆಮಾರುಗಳಿಂದ ಊರ ನಡುವಿನ ಒಂದು ಜಾಗದಲ್ಲಿ ವಾಸವಾಗಿದ್ದವು. ಊರು ಬೆಳೆಯುತ್ತ ಆ ಜಾಗಕ್ಕೆ ಬೆಲೆ ಬಂತು. ಅಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಬೇಕು, ಇವರು ಏಳಬೇಕು ಎಂದಾಯಿತು. ನೀರಿನ ಸಂಪರ್ಕ ಕಡಿದರೆಂದು ಆ ಜನ ದೂರಿದರು. ಎಲ್ಲಿ ಹೋಗಬೇಕು ಎಂದು ಕೇಳಿದರೆ ಸರಿಯಾದ ಉತ್ತರವಿಲ್ಲ. ಕೊನೆಗೆ ಪುರಸಭೆಯ ಮುಂದೆ, ಹಾಡಹಗಲು, ತಾವು ಜೀವಮಾನವಿಡೀ ಊರಿನ ಮನೆಗಳಿಂದ ಬಾಚಿದ ಮಲವನ್ನೇ ಮೈಗೆ ಸುರಿದುಕೊಂಡು ನಿಂತರು.

ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಾನು ಸವಣೂರು ತಾಲೂಕಿನಲ್ಲೇ ಹೊಲದ ಪಾಲು ಬೇರ್ಪಡಿಸುವ ಒಂದು ಫೋಡಿ ಕೆಲಸದಲ್ಲಿದ್ದೆ. ಚಹದಂಗಡಿಯಲ್ಲಿ ಕುಳಿತವರು ಒಂದೇ ಮಾತು ಆಡುತ್ತಿದ್ದರು, ಹೀಗೆ ಮಾಡಬಾರದಿತ್ತು, ಊರಿನ ಮರ್ಯಾದೆ ಹೋಯಿತು ಎಂದು. ಆ ಭಂಗಿ ಕುಟುಂಬಗಳಿಗೆ ಸಹಿ ಹಾಕಿದ ಮನವಿ ಬರೆಯಲು ಬರುತ್ತಿರಲಿಲ್ಲ, ಬರೆದರೂ ಓದುವವರಿರಲಿಲ್ಲ ಎಂದು ನಾನು ಹೇಳಿದೆನೇ? ಹೇಳಲಿಲ್ಲ. ಚಹ ಕುಡಿದು ಎದ್ದು ಬಂದೆ. ಇಂದು ಅದನ್ನು ಬರೆಯುತ್ತಿದ್ದೇನೆ.

ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು 1970ರ ದಶಕದ ಮೊದಲಲ್ಲೇ ನಿಷೇಧಿಸಿದ್ದರು. ದೇಶಕ್ಕೆ 1993ರಲ್ಲಿ ಕಾಯ್ದೆ ಬಂದಿತ್ತು. ಅಷ್ಟಾದ ಮೇಲೂ 2010ರಲ್ಲಿ ಸವಣೂರಿನಲ್ಲಿ ಆ ಕೆಲಸ ನಡೆದಿತ್ತು ಎಂಬುದು ಇಡೀ ನಾಡಿಗೆ ಗೊತ್ತಾಯಿತು. ಪುನರ್ವಸತಿಯನ್ನೂ ಸೇರಿಸಿಕೊಂಡ ಹೊಸ ಕಾಯ್ದೆ ಬಂದದ್ದು 2013ರಲ್ಲಿ. ಕಾಯ್ದೆಯ ಮಾತು ಹಾಗಿರಲಿ, ನನ್ನ ಕಸುಬಿನ ಕಣ್ಣಿಗೆ ಕಂಡದ್ದು ಇನ್ನೊಂದು. ನವಾಬರ ಕಾಲದಲ್ಲಿ ಕಸುಬಿನವರನ್ನು ಕರೆದು ತಂದ ಊರು ಅದು. ಕೆಲಸ ಬೇಕಿದ್ದಾಗ ಅವರಿಗೆ ನೆಲ ಸಿಕ್ಕಿತು, ನೆಲಕ್ಕೆ ಬೆಲೆ ಬಂದಾಗ ಅವರೇ ಹೆಚ್ಚಾದರು. ಅವರು ಹೆಚ್ಚು ನೆಲ ಕೇಳಲಿಲ್ಲ, ಹೊಸ ನೆಲವನ್ನೂ ಕೇಳಲಿಲ್ಲ. ಇದ್ದಲ್ಲೇ ಇರುತ್ತೇವೆ ಎಂದರು. ಇದ್ದಲ್ಲಿ ಇರಲು ಬಿಡಿ ಎಂದು ಲೇಔಟಿನವರು ಬರೆದ ಮನವಿಗೂ ಇವರ ಕೂಗಿಗೂ ಶಬ್ದ ಒಂದೇ, ತೂಕ ಬೇರೆ. ಒಬ್ಬರಿಗೆ ಹಿತ್ತಲ ಮರೆ ಹೋಗುವ ಚಿಂತೆ, ಇನ್ನೊಬ್ಬರಿಗೆ ಮನೆಯೇ ಹೋಗುವ ಚಿಂತೆ.

ಹಾಗೆಂದು ಲೇಔಟಿನವರ ಚಿಂತೆಯನ್ನು ನಾನು ತಳ್ಳಿಹಾಕುವುದಿಲ್ಲ. ಎಕರೆ ಜಾಗದಲ್ಲಿ ರಸ್ತೆ, ಉದ್ಯಾನ ಕಳೆದರೆ 30×40ರ ಪ್ಲಾಟು ಇಪ್ಪತ್ತರ ಸುಮಾರು ಬೀಳುತ್ತವೆ. ಮನೆಗೆ ಐದು ಜನ ಎಂದರೆ ಎಕರೆಗೆ ನೂರು. ಅದೇ 2 ಎಕರೆ 10 ಗುಂಟೆಯಲ್ಲಿ 144 ಮನೆ ಎಂದರೆ ಎಕರೆಗೆ 320 ಜನ. ಮೊದಲೇ ಎಂಟು ದಿನಕ್ಕೊಮ್ಮೆ ಬರುವ ನಳಕ್ಕೆ ಇಷ್ಟು ಕೊಡಗಳು ಬಂದು ಸೇರಿದರೆ ಜಗಳವಾಗುತ್ತದೆ, ಅನುಮಾನ ಬೇಡ. ಗಟಾರ ಕಟ್ಟದೆ ಕಟ್ಟಡ ಕಟ್ಟುವುದು ನಮ್ಮ ಕಡೆಯ ಹಳೆಯ ರೋಗ. 2009ರ ನೆರೆ, 2019ರ ವರದಾ ನದಿಯ ನೆರೆ ಕಂಡವರಿಗೆ ನೀರು ಹೋಗುವ ದಾರಿ ಮುಚ್ಚಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಆದ್ದರಿಂದ ನೀರು ಕೊಡಿ, ಗಟಾರ ಮಾಡಿ, ಬಯಲು ಉಳಿಸಿ ಎಂದು ಕೇಳುವುದು ನ್ಯಾಯ. ನೀರಿಲ್ಲ ಎಂಬ ಕಾರಣಕ್ಕೆ ಜನ ಬೇಡ ಎನ್ನುವುದು ನ್ಯಾಯವಲ್ಲ. ಬಂದವರೂ ನೀರು ಕುಡಿಯುವವರೇ. ಅವರನ್ನು ಊರಾಚೆ ಹಳ್ಳದ ದಂಡೆಗೆ ಕಳಿಸಿದರೆ ಅವರ ಬಾಯಾರಿಕೆ ಕಡಿಮೆಯಾಗುವುದಿಲ್ಲ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ರೆಕಾರ್ಡ್ ರೂಮಿನಲ್ಲಿ ಓದಿದ್ದನ್ನು ಹೇಳುತ್ತೇನೆ ಅಂದಿದ್ದೆ. ಆ ಲೇಔಟು ಎದ್ದಿದ್ದ ಸರ್ವೆ ನಂಬರಿನ ಕೈಬರಹದ ಹಳೆಯ ಉತಾರ ಗೆದ್ದಲು ತಿಂದು ಜಾಲರಿಯಾಗಿತ್ತು. ಬೆರಳು ಒದ್ದೆ ಮಾಡಿ ತಿರುವಿದರೆ ಹಾಳೆ ಬೆರಳಿಗೇ ಬರುತ್ತಿತ್ತು. ಶಾಯಿ ಕಂದಾಗಿತ್ತು, ಆದರೆ ಅಕ್ಷರ ಸ್ಪಷ್ಟವಿತ್ತು. ಭೂಮಿಯ ಬಗೆ ಎಂಬ ಅಂಕಣದಲ್ಲಿ ‘ಶೇತಸನದಿ’ ಎಂದಿತ್ತು. ಊರಿನ ಚಾಕರಿ ಮಾಡುವವರಿಗೆ, ಡಂಗುರ ಹೊಡೆಯುವವರಿಗೆ, ಕಾವಲು ಕಾಯುವವರಿಗೆ ಕೂಲಿಯ ಬದಲು ಕೊಟ್ಟ ವತನದ ನೆಲ ಅದು. 1961ರ ಗ್ರಾಮ ಅಧಿಕಾರ ರದ್ದತಿ ಕಾಯ್ದೆಯ ನಂತರ ಅಂಥ ನೆಲಗಳನ್ನು ಆ ಕುಟುಂಬಗಳ ಹೆಸರಿಗೇ ಮರುಮಂಜೂರು ಮಾಡಬೇಕಿತ್ತು. ಇಲ್ಲಿಯೂ ಆಗಿತ್ತು. ಆಮೇಲಿನ ಸಾಲುಗಳಲ್ಲಿ ಹೆಸರು ಬದಲಾಗುತ್ತ ಹೋಗಿತ್ತು, ಒಂದು ಮದುವೆಗೆ, ಒಂದು ಬರಕ್ಕೆ, ಒಂದು ಆಸ್ಪತ್ರೆಗೆ ಒಬ್ಬೊಬ್ಬರಾಗಿ ಬಿಟ್ಟುಕೊಟ್ಟಿರಬೇಕು. ಕೊನೆಯ ಸಾಲಿನಲ್ಲಿ ಎನ್.ಎ. ಆದೇಶದ ನಂಬರು.

ಅದೇ ವಾರ ಫಲಾನುಭವಿಗಳ ಪಟ್ಟಿಯೂ ನನ್ನ ಕೈಗೆ ಬಂತು. ಅದರಲ್ಲಿ ಎಂಟು ಮನೆತನದ ಅಡ್ಡಹೆಸರು ಆ ಉತಾರದ ಮೊದಲ ಹಾಳೆಯ ಅಡ್ಡಹೆಸರೇ ಆಗಿತ್ತು. ಅವರ ಅಜ್ಜಂದಿರ ಹೊಲದಲ್ಲಿ ನಿಂತ ಮನೆಗಳವರು, ಅವರು ಪಕ್ಕಕ್ಕೆ ಬರುವುದು ಬೇಡ ಎಂದು ಸಹಿ ಮಾಡಿದ್ದರು. ಸಹಿ ಮಾಡಿದವರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಮಾಸ್ತರರ ಮನೆಗೆ ಹೋಗಿ ಉತಾರದ ಝೆರಾಕ್ಸ್ ಪ್ರತಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅವರ ಹೆಂಡತಿ ಚಹ ತಂದಿಟ್ಟರು. ಬಹಳ ಹೊತ್ತಿನ ಮೇಲೆ “ಇದನ್ನ ಮೊದಲ ಯಾರೂ ತೋರಿಸಲಿಲ್ಲಲ್ರಿ” ಅಂದರು. ತಮ್ಮ ಸಹಿಯನ್ನು ಅವರು ಹಿಂದಕ್ಕೆ ಪಡೆದರು. ಉಳಿದ 60 ಹಾಗೇ ಇದ್ದವು.

ನಾನು 2 ಎಕರೆ 10 ಗುಂಟೆ ಎಂದೇ ಬರೆದು ಕಳಿಸಿದೆ. ಬಾಂದುಕಲ್ಲನ್ನು ಹಿತ್ತಲಿನಿಂದ ಎತ್ತಿಸಿ ಅದರ ಜಾಗದಲ್ಲಿ ನೆಡಿಸಿದೆ. ಮನವಿ ಮೇಲಿನವರೆಗೆ ಹೋಯಿತು. ಒಂದು ಮೇಲ್ತೊಟ್ಟಿ ಮಂಜೂರಾಗಿ ಎರಡೂ ಕಡೆಗೆ ನೀರು ಬಂತು. ಅದು ಒಳ್ಳೆಯದಾಯಿತು. ಮೂರನೆಯ ಅಂತಸ್ತು ಮಾತ್ರ ಹೋಯಿತು. 144ರ ಬದಲು 96 ಮನೆ ಎದ್ದವು. 48 ಕುಟುಂಬಗಳ ಹೆಸರು ಪಟ್ಟಿಯಿಂದ ಇಳಿಯಿತು. ಅವರಲ್ಲಿ ಮೂವರು ಆ ಎಂಟು ಮನೆತನದವರು.

ನಿಮ್ಮ ಊರಲ್ಲೂ ಇಂಥದೊಂದು ಮನವಿ ನಿಮ್ಮ ಬಾಗಿಲಿಗೆ ಬಂದೀತು. ನೀರಿನ ಮಾತಿಗೆ, ಗಟಾರದ ಮಾತಿಗೆ ಧಾರಾಳವಾಗಿ ಸಹಿ ಮಾಡಿ. ಕೊನೆಯ ಸಾಲಿಗೆ ಸಹಿ ಮಾಡುವ ಮೊದಲು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಒಂದು ಅರ್ಜಿ ಹಾಕಿ, ನಿಮ್ಮ ಪ್ಲಾಟಿನ ಮೂಲ ಸರ್ವೆ ನಂಬರಿನ ಕೈಬರಹದ ಉತಾರ ತೆಗೆಸಿರಿ. ಮೊದಲ ಹಾಳೆಯ ಮೊದಲ ಹೆಸರು ಯಾರದೆಂದು ಓದಿರಿ.